ಎರಡು ನಕ್ಷೆ, ಎರಡು ಚಟ್ನಿ

ಕಚೇರಿಯ ಮುಖ್ಯಸ್ಥ ವಾದಿರಾಜರು ಸಂಹಿತಾಳ ನಕ್ಷೆಯನ್ನು ನೋಡಿದ್ದು ಹೆಚ್ಚೆಂದರೆ ಹತ್ತು ಸೆಕೆಂಡು. "ಚೆನ್ನಾಗಿದೆಯಮ್ಮ" ಎಂದವರೇ ಸಿದ್ರಾಳ ಕಡೆ ತಿರುಗಿದರು. "ಎಲ್ಲಿ, ನಿಂದು ತೋರ್ಸು."

ದೊಮ್ಮಲೂರಿನ ಆ ಸಣ್ಣ ಕಚೇರಿಯಲ್ಲಿ ಇಬ್ಬರಿಗೂ ಒಂದೇ ಕೆಲಸ. ಸರ್ಕಾರ ಎಲ್ಲರಿಗೂ ಸಿಗುವಂತೆ ವೆಬ್‌ಸೈಟಿನಲ್ಲಿ ಹಾಕಿರುವ ಬೋರ್‌ವೆಲ್ ಡೇಟಾ ಇಳಿಸಿಕೊಂಡು, ಹಲಸೂರಿನಿಂದ ಕೆ.ಆರ್. ಪುರದವರೆಗೆ ಎಲ್ಲಿ ನೀರಿದೆ, ಎಲ್ಲಿ ಬತ್ತಿದೆ ಎಂದು ನಕ್ಷೆ ಮಾಡಬೇಕಿತ್ತು. ಎರಡರಲ್ಲಿ ಒಂದು ಶನಿವಾರದ ಪ್ರದರ್ಶನಕ್ಕೆ ಹೋಗುತ್ತದೆ, ಮಾಡಿದವರ ಹೆಸರಿನ ಸಮೇತ. ಸಂಹಿತಾ ಮೂರು ವಾರ ಊಟ ನಿದ್ದೆ ಬಿಟ್ಟು ಮಾಡಿದ್ದಳು. ನೀರಿದ್ದ ಕಡೆ ಹಸಿರು, ಬತ್ತಿದ ಕಡೆ ಕೆಂಪು. ಎಳೆ ಮಗುವಿಗೂ ಅರ್ಥವಾಗಬೇಕು. ಸಿದ್ರಾಳೋ, ಒಂದಿಷ್ಟು ನೀಲಿ, ಒಂದಿಷ್ಟು ಹಳದಿ ಬಳಿದು ಕೈ ತೊಳೆದುಕೊಂಡಿದ್ದಳು.

ಆ ನೀಲಿ-ಹಳದಿ ನಕ್ಷೆ ಪರದೆಗೆ ಬಂದದ್ದೇ ವಾದಿರಾಜರು ಕುರ್ಚಿ ಬಿಟ್ಟು ಎದ್ದರು. "ಅಯ್ಯೋ, ಜೋಗುಪಾಳ್ಯದ ಕಡೆ ಪೂರ್ತಿ ಬತ್ತೋಗಿದೆಯಲ್ಲ! ಇದು ಗೊತ್ತೇ ಇರ್ಲಿಲ್ಲ."

"ಸರ್, ನಂದ್ರಲ್ಲೂ ಅದೇ ಇತ್ತಲ್ಲ. ಕೆಂಪಗೆ, ಅಷ್ಟು ದೊಡ್ಡದಾಗಿ!" ಎಂದಳು ಸಂಹಿತಾ.

"ಇತ್ತಾ?" ವಾದಿರಾಜರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಶನಿವಾರಕ್ಕೆ ಇದನ್ನೇ ಕಳಿಸೋಣ."

ಸಂಹಿತಾಳ ಹೊಟ್ಟೆಗೆ ಬೆಂಕಿ ಬಿತ್ತು. ಇತ್ತಾ ಅಂತೆ! ಇದರ ಮರ್ಮ ಅವಳಿಗೇನೂ ಹೊಸದಲ್ಲ. ಮಧ್ಯಾಹ್ನ ಹೋಟೆಲಿನಿಂದ ಇಡ್ಲಿ ಪಾರ್ಸೆಲ್ ಬಂದರೆ ಸಾಕು, ಸಿದ್ರಾ ಹೋಗಿ ಸಾಹೇಬರ ಪಕ್ಕದಲ್ಲೇ ಕೂರುತ್ತಾಳೆ. ಕೆಂಪು, ಹಸಿರು ಎರಡು ಚಟ್ನಿ ಪೊಟ್ಟಣಗಳಲ್ಲಿ ಒಂದನ್ನು ಆರಿಸಿ ಅವರ ಮುಂದೆ ಇಡುತ್ತಾಳೆ. ಬೆಣ್ಣೆ ಹಚ್ಚುವುದು ಅಂದರೆ ಇನ್ನೇನು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಸಂಹಿತಾಳಿಗೆ ಚಟ್ನಿಯಲ್ಲೂ ಬೆಣ್ಣೆಯೇ ಕಂಡಿತ್ತು.

ಅವತ್ತು ಪಾರ್ಸೆಲ್ ಬಂದೊಡನೆ ಅವಳೇ ಮೊದಲು ಹೋಗಿ ಆ ಕುರ್ಚಿ ಹಿಡಿದಳು. "ಇರ್ಲಿ ಬಿಡು ಸಿದ್ರಾ, ನಾನೇ ಬಡಿಸ್ತೀನಿ" ಎಂದು ಕೈಗೆ ಸಿಕ್ಕ ಪೊಟ್ಟಣ ಬಿಚ್ಚಿ ವಾದಿರಾಜರ ತಟ್ಟೆಗೆ ಸುರಿದಳು. ಕೆಂಪು ಚಟ್ನಿ. ಅವರು ಮಾತಾಡುತ್ತಲೇ ಇಡ್ಲಿ ಅದ್ದಿ ಬಾಯಿಗಿಟ್ಟರು. ಮರುಗಳಿಗೆ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು. ಸಿದ್ರಾ ನೀರಿನ ಬಾಟಲಿ ಹಿಡಿದು ಓಡಿ ಬಂದಳು.

"ಸರ್‌ಗೆ ಅಲ್ಸರ್ ಕಣೇ. ಖಾರ ಆಗಲ್ಲ."

"ಕಣ್ಮುಂದೇನೇ ಸುರಿದ್ನಲ್ಲ ಸರ್, ಕೆಂಪು ಚಟ್ನಿ ಅಂತ ಕಾಣ್ಲಿಲ್ವಾ?"

ವಾದಿರಾಜರು ಕಣ್ಣೊರೆಸಿಕೊಂಡು ನಕ್ಕರು. "ಕಾಣಲ್ಲಮ್ಮ. ಹುಟ್ಟಿದಾಗ್ಲಿಂದ ನಂಗೆ ಕೆಂಪು, ಹಸಿರು ಎರಡೂ ಒಂದೇ ಥರ. ಸಿಗ್ನಲ್‌ನಲ್ಲೂ ಮೇಲಿನ ದೀಪಾನೋ ಕೆಳಗಿನ ದೀಪಾನೋ ಅಂತ ನೋಡ್ಕೊಂಡೇ ಗಾಡಿ ಓಡ್ಸೋದು."

ಕೈ ತೊಳೆಯುವ ಜಾಗದಲ್ಲಿ ಸಂಹಿತಾ ಸಿದ್ರಾಳನ್ನು ಅಡ್ಡಗಟ್ಟಿದಳು. "ಎಲ್ಲಾ ಗೊತ್ತಿದ್ದೂ ನಂಗೆ ಹೇಳ್ಲಿಲ್ಲ. ನೀನೇ ಗೆಲ್ಬೇಕು ಅಂತ ತಾನೇ?"

"ಅವ್ರ ವಿಷ್ಯ ನಾನ್ ಹೇಗೆ ಊರಿಗೆಲ್ಲ ಹೇಳ್ಕೊಂಡು ಬರ್ಲಿ?" ಸಿದ್ರಾ ನಲ್ಲಿ ನಿಲ್ಲಿಸಿದಳು. "ಆದ್ರೂ ಹೋದ ವಾರ ನಿನ್ ಟೇಬಲ್ ಹತ್ರ ಬಂದು ಹೇಳ್ದೆ, ಕೆಂಪು-ಹಸಿರು ಬೇಡ ಕಣೇ, ಬಣ್ಣ ಬದಲಾಯ್ಸು ಅಂತ. ನೀನೇನಂದೆ, ಜ್ಞಾಪಕ ಇದ್ಯಾ?"

ಸಂಹಿತಾಳಿಗೆ ಚೆನ್ನಾಗಿ ಜ್ಞಾಪಕವಿತ್ತು. ಇಡೀ ಕಚೇರಿಗೆ ಕೇಳುವಂತೆ ನಕ್ಕು ಅಂದಿದ್ದಳು: "ಯಾಕೆ ಸಿದ್ರಾ, ಹೊಟ್ಟೆಕಿಚ್ಚಾ?"