ಅರ್ಥಿಂಗ್ ಗುಂಡಿಯ ನೀರು

"ದಪ್ಪ ಫ್ಯೂಸ್ ತಂತಿ ಕಟ್ಟಿದ್ದು ನಾನೇ. ಮಗನನ್ನು ಕೊಂದದ್ದು ಈ ಕೈ," ಎಂದು ಶೀನ ಪೂಜಾರಿ ಬಲಗೈಯನ್ನು ಸೊಸೆಯ ಮುಂದೆ ಚಾಚಿದರು. ಬಟ್ಟಲಿನ ಗಂಜಿ ಇವತ್ತೂ ಹಾಗೆಯೇ ತಣ್ಣಗಾಗಿತ್ತು. ಶಂಕರಪುರದ ಮಲ್ಲಿಗೆ ತೋಟದಲ್ಲಿ ಪಂಪನ್ನು ಮುಟ್ಟಿ ಶಾಕ್ ಹೊಡೆದು ಉಜ್ವಲ್ ಸತ್ತು ಹದಿನೈದು ದಿನವಾಗಿತ್ತು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಿಶ್ಮಿತಾ, ಲೈನ್‌ಮ್ಯಾನ್ ಅಳೆದು ಬರೆದುಕೊಟ್ಟಿದ್ದ ಚೀಟಿಯನ್ನು ಬಿಡಿಸಿದಳು. ಇನ್ನೂರ ಮೂವತ್ತು ವೋಲ್ಟ್. ಪಂಪಿನಿಂದ ಅರ್ಥಿಂಗ್ ತಂತಿಯಲ್ಲಿ ನೆಲಕ್ಕೆ ಹರಿದದ್ದು ಎರಡೇ ಆಂಪಿಯರ್.

"ಹತ್ತು ಆಂಪಿಯರಿನ ಸಪೂರ ತಂತಿ ಕಟ್ಟಿದ್ದರೂ ಇಷ್ಟಕ್ಕೆ ಸುಟ್ಟು ಕರೆಂಟು ನಿಲ್ಲಿಸುತ್ತಿರಲಿಲ್ಲ ಮಾವ. ನಿಮ್ಮ ತಪ್ಪು ಎಂತದೂ ಇಲ್ಲ."

ಮುದುಕ ಅವಳನ್ನೇ ನೋಡಿದರು. ಅವರ ಕೈ ನಿಧಾನವಾಗಿ ಬಟ್ಟಲಿನತ್ತ ಹೋಯಿತು, ಅಷ್ಟರಲ್ಲಿ ನಿಂತಿತು. "ಮತ್ತೆ ಎಲ್ಲಾ ಕರೆಂಟು ನೆಲಕ್ಕೆ ಯಾಕೆ ಇಳಿಯಲಿಲ್ಲ ಮಗಾ? ಅದಕ್ಕೂ ಲೆಕ್ಕ ಉಂಟಾ?"

ಲೆಕ್ಕ ಇತ್ತು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ನೂರ ಹದಿನೈದು ಓಮ್ ರೋಧ. ಐದೇ ಇದ್ದಿದ್ದರೆ ನಲವತ್ತಾರು ಆಂಪಿಯರ್ ನುಗ್ಗಿ, ಮಾವ ಕಟ್ಟಿದ ದಪ್ಪ ತಂತಿಯೂ ಉಜ್ವಲ್ ಪಂಪು ಮುಟ್ಟುವ ಮೊದಲೇ ಸುಟ್ಟುಹೋಗುತ್ತಿತ್ತು.

"ಅರ್ಥಿಂಗ್ ತಂತಿ ಹೂತ ಗುಂಡಿ ಒಣಗಿತ್ತು ಮಾವ. ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ."

"ಬೇಸಿಗೆಯಲ್ಲಿ ದಿನಾ ಅದಕ್ಕೊಂದು ಕೊಡಪಾನ ನೀರು ಹಾಕಬೇಕು ಅಂತ ಉಜ್ವಲ್ ಹೇಳುತ್ತಿದ್ದನಲ್ಲ. ಯಾರಿಗೆ ಹೇಳಿದ್ದ?"

ನಿಶ್ಮಿತಾ ಚೀಟಿಯನ್ನು ಮೊದಲಿನಂತೆಯೇ ನಾಲ್ಕಾಗಿ ಮಡಚಿದಳು.

"ನನಗೆ. ಬಾವಿಯಲ್ಲಿ ನೀರು ಕಡಿಮೆ ಇತ್ತು. ಆ ಕೊಡಪಾನ ನೀರನ್ನೂ ಮಲ್ಲಿಗೆಗೇ ಹಾಕಿದೆ ಮಾವ."