ಪುಸ್ತಕಕ್ಕಿಂತ ಮೊದಲು ಬಂದ ಕಾರ್ಡು

ಪುಸ್ತಕ ಇನ್ನೂ ಅಂಗಡಿ ಮುಟ್ಟಿರಲಿಲ್ಲ. ಅದರ ಬಗ್ಗೆ ಓದುಗರ ಅಭಿಪ್ರಾಯ ಮಾತ್ರ ಆಗಲೇ ಬಂದು ಕುಳಿತಿತ್ತು.

ಸಂಪಾದಕಿ ಬೆಳಗಿನ ಅಂಚೆಯಲ್ಲಿ ಆ ಕಾರ್ಡನ್ನು ಕಂಡಳು. ಸರಣಿಯ ಪ್ರತಿ ಪುಸ್ತಕದ ಕೊನೆಯಲ್ಲೂ ಇಂಥದೊಂದು ಕಾರ್ಡು ಸೇರಿಸಿ ಹೊಲಿಯುವುದು ಪ್ರಕಾಶನದ ರೂಢಿ. 'ಕಥೆ ಹೇಗಿತ್ತು? ಹರಿದು ಕಳಿಸಿ' ಎಂದು ಅಚ್ಚಾಗಿರುತ್ತಿತ್ತು. ಹೆಸರಿನ ಜಾಗ ಖಾಲಿ. ಕೆಳಗೆ ಪೆನ್ಸಿಲಿನ ದುಂಡು ಅಕ್ಷರ: 'ಕೊನೆ ತಪ್ಪು. ತುಂತುರುವನ್ನು ಗೋಪುರದಲ್ಲಿ ಬಿಟ್ಟು ಬರಬೇಡಿ.'

ಅವಳು ಕಾರ್ಡನ್ನು ಮತ್ತೊಮ್ಮೆ ಓದಿದಳು. ಮಂಜಿನ ಮೆಟ್ಟಿಲು ಹತ್ತಿ ಹೋಗುವ ತುಂತುರು ಎಂಬ ಹುಡುಗಿ ಆರು ಪುಸ್ತಕಗಳಲ್ಲೂ ಮನೆಗೆ ಮರಳಿದ್ದಳು. ಏಳನೆಯದು ಕೊನೆಯದು. ಇದರಲ್ಲಿ ಮಾತ್ರ ಅವಳು ಗೋಪುರದ ಕಾವಲಿಗೆಂದು ಅಲ್ಲೇ ಉಳಿದುಬಿಡುತ್ತಾಳೆ. ಈ ಗುಟ್ಟು, ಮಕ್ಕಳೆಲ್ಲ ಕಥೆಮಾಮ ಎಂದು ಕರೆಯುವ ಲೇಖಕರನ್ನೂ ತನ್ನನ್ನೂ ಪ್ರೆಸ್ಸಿನ ನಾಲ್ಕು ಜನರನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ನಾಲ್ಕು ಜನರಲ್ಲೂ ಒಮ್ಮತವಿರಲಿಲ್ಲ. ಯಜಮಾನರು ಓದಿ ಕಣ್ಣೊರೆಸಿಕೊಂಡಿದ್ದರು. "ಇದನ್ನ ನಾನಂತೂ ಮಗಳ ಕೈಗೆ ಕೊಡಲ್ಲಪ್ಪ, ಮೂರು ದಿನ ಊಟ ಬಿಡ್ತಾಳೆ" ಎಂದಿದ್ದ ಮೆಷಿನ್ ನಡೆಸುವವನು. ಕರಡು ತಿದ್ದುವ ತಾತ ಕನ್ನಡಕ ತೆಗೆದು, "ಚೆನ್ನಾಗೇ ಇದೆಯಮ್ಮ. ಆದರೆ ಕೊನೆಕೊನೆಗೆ ಯಾಕೋ ದೊಡ್ಡವರು ಬರೆದ ಹಾಗಿದೆ" ಎಂದು ಗೊಣಗಿದ್ದರು. ನಾಲ್ಕನೆಯವಳು ಬೈಂಡಿಂಗ್ ಅಕ್ಕ. ಅವಳು ಏನೂ ಅಂದಿರಲಿಲ್ಲ. ಅನುಮಾನ ಅವಳ ಮೇಲೇ ಬಿತ್ತು.

ಅಚ್ಚು ಕೆಟ್ಟ ಹಾಳೆಗಳನ್ನು ಮಗಳಿಗೆಂದು ಮನೆಗೆ ಒಯ್ಯುವುದು ಅವಳ ಅಭ್ಯಾಸ. ಅದು ಎಲ್ಲರಿಗೂ ಗೊತ್ತಿದ್ದದ್ದೇ.

"ಸೋಮವಾರದಿಂದ ಬರಬೇಡ" ಎಂದರು ಯಜಮಾನರು.

"ಸರ್, ಈ ಸಲ ಒಂದು ಹಾಳೆನೂ ಒಯ್ದಿಲ್ಲ. ಮಗಳೇ ಬೇಡ ಅಂದ್ಲು. ಓದಿದ್ರೆ ಮುಗಿದೇ ಹೋಗುತ್ತಲ್ಲಮ್ಮ ಅಂತ."

"ಕಥೆ ಕಟ್ಟೋಕೆ ಕಥೆಮಾಮ ಇದ್ದಾರೆ. ನಿನ್ನ ಕೆಲಸ ಪುಸ್ತಕ ಕಟ್ಟೋದು."

ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಹೊರಗೆ ಬಂದ ಮೇಲೆ, "ಮೇಡಂ, ನೀವಾದ್ರೂ ನಂಬ್ತೀರಾ?" ಎಂದಳು. ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

"ಸೋಮವಾರದೊಳಗೆ ಹುಡುಕ್ತೀನಿ. ಅಳಬೇಡ" ಎಂದಳು ಸಂಪಾದಕಿ.

ಶುಕ್ರವಾರ ಎರಡನೆಯ ಕಾರ್ಡು ಬಂತು. ಅದೇ ಅಕ್ಷರ. 'ಗೋಪುರದ ಚಿಲಕ ಹೊರಗಡೆ ಇದೆ. ಅವಳು ತಾನಾಗಿ ಉಳಿದದ್ದಲ್ಲ.'

ಸಂಪಾದಕಿ ಏಳೂ ಪುಸ್ತಕ ತಿರುವಿ ಹಾಕಿದಳು. ಚಿಲಕದ ಮಾತು ಎಲ್ಲೂ ಇರಲಿಲ್ಲ. ಸಂಜೆ ಪಾತ್ರೆ ತೊಳೆಯುವಾಗ ಆ ಸಾಲು ನಲ್ಲಿಯ ಸದ್ದಿನೊಳಗೆ ಕೇಳಿಸಿತು. ಮಕ್ಕಳ ಬಟ್ಟೆ ಮಡಿಸುವಾಗ ಮತ್ತೆ ಕೇಳಿಸಿತು. ಸುಮ್ಮನೆ ಎದ್ದು ಹೋಗಿ ಮಕ್ಕಳ ಕೋಣೆಯ ಬಾಗಿಲನ್ನು ಅಗಲ ತೆರೆದಿಟ್ಟು ಬಂದಳು.

ಆಗಲೇ ಹೊಳೆಯಿತು. ಎರಡನೆಯ ಕಾರ್ಡು ಹಳದಿ ಬಣ್ಣದ್ದು. ಐದು ವರ್ಷದ ಹಿಂದೆ, ಮೊದಲ ಪುಸ್ತಕಕ್ಕೆ ಮಾತ್ರ ಹಳದಿ ಕಾರ್ಡು ಹಾಕಿಸಿದ್ದರು. ಅಕ್ಕ ಕೆಲಸಕ್ಕೆ ಸೇರಿ ಎರಡೇ ವರ್ಷ. ಹೊಸ ಪುಸ್ತಕದ ಮಾದರಿ ಪ್ರತಿ ಪ್ರೆಸ್ಸಿನಿಂದ ಹೊರಗೆ ಹೋಗಿದ್ದು ಬರೆದವರಿಗೆ ಮಾತ್ರ. ಹಳದಿ ಕಾರ್ಡೂ ಆ ಪ್ರತಿಯೂ ಒಟ್ಟಿಗೆ ಇರುವ ಮನೆ ಊರಲ್ಲಿ ಒಂದೇ.

ಶನಿವಾರ ಮಧ್ಯಾಹ್ನ ಅವಳು ಕಥೆಮಾಮನ ಮನೆಯ ಗಂಟೆ ಒತ್ತಿದಳು.

ಹೆಂಡತಿ ಇಲ್ಲದ ಮನೆ, ಆದರೂ ಒಪ್ಪವಾಗಿತ್ತು. ಗೋಡೆಯ ಮೇಲೆ ಪತ್ರಿಕೆಯೊಂದರ ಹೊಗಳಿಕೆಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು: 'ಮಗುವೊಂದು ಒಳಗೆ ಕುಳಿತು ಹೇಳಿಕೊಟ್ಟಂತಿದೆ.' ಮೇಜಿನ ಮುಂದೆ ಅವರ ಮಗಳು ಪೆನ್ಸಿಲ್ ಹಿಡಿದು ಕುಳಿತಿದ್ದಳು. ಹದಿನಾಲ್ಕು ವರ್ಷ. ಮೈ ಸೂಕ್ಷ್ಮವೆಂದು ಶಾಲೆ ಬಿಡಿಸಿ ಮನೆಯಲ್ಲೇ ಪಾಠ ನಡೆಸುತ್ತಿದ್ದರು.

"ಇದು ನಿನ್ನ ಅಕ್ಷರಾನಾ, ಪುಟ್ಟಿ?"

ಹುಡುಗಿ ಅಪ್ಪನ ಮುಖ ನೋಡಿದಳು. ಹೌದೆಂದು ತಲೆಯಾಡಿಸಿದಳು.

ಕಥೆಮಾಮ ಗಟ್ಟಿಯಾಗಿ ನಕ್ಕರು. "ವಿಮರ್ಶಕರು ನಮ್ಮನೇಲೇ ಇದ್ದಾರೆ ಅನ್ನಿ! ಮಕ್ಕಳೇ ಹಾಗೆ ಮೇಡಂ. ಓದ್ತಾ ಓದ್ತಾ ಕಥೆ ತಮ್ಮದೇ ಅಂದ್ಕೊಂಡುಬಿಡ್ತಾರೆ. ಮೂರನೇ ಪುಸ್ತಕದಲ್ಲಿ ಪಾರಿವಾಳ ಸತ್ತಾಗಲೂ ಇದೇ ರಂಪ."

"ನಾಲ್ಕನೇದು ಅಪ್ಪ" ಎಂದಳು ಮಗಳು ಮೆಲ್ಲಗೆ. "ಸಾಯಲ್ಲ. ಹಾರಿಹೋಗುತ್ತೆ."

"ಹೋಗು, ಟೀ ಮಾಡಿಕೊಂಡು ಬಾ." ನಗು ಮುಖದ ಮೇಲೆ ಹಾಗೇ ಇತ್ತು.

ಸಂಪಾದಕಿಯ ಎದೆಯ ಮೇಲಿನ ಭಾರ ಇಳಿಯಿತು. ಅಪ್ಪನ ಪುಸ್ತಕವನ್ನು ಕದ್ದು ಓದಿ ಮುನಿಸಿಕೊಂಡ ಮಗಳು, ಅಷ್ಟೇ. ಅಂಗಳದಿಂದಲೇ ಯಜಮಾನರಿಗೆ ಫೋನು ಮಾಡಿದಳು. ಅವರು, "ಅಕ್ಕನಿಗೆ ಬರೋಕೆ ಹೇಳಿಬಿಡಿ. ನಾನೇ ಹೇಳಬೇಕಿತ್ತು, ಬಾಯಿ ಬರ್ತಿಲ್ಲ" ಎಂದರು.

ಗೇಟು ದಾಟುವಾಗ ಹಿಂದೆ ಬರಿಗಾಲಿನ ಸಪ್ಪಳ.

"ಆಂಟಿ, ಪುಸ್ತಕ ಎಲ್ಲಾ ಹೊಲಿದಾಯ್ತಾ?"

"ಇಲ್ಲ ಪುಟ್ಟಿ, ಮಾದರಿಗೆ ಅಂತ ಆರು ಮಾತ್ರ. ಉಳಿದದ್ದಕ್ಕೆ ಕೊನೇ ಹದಿನಾರು ಪುಟ ಸೇರಿಸೋದು ಬಾಕಿ ಇದೆ. ಸೋಮವಾರ ಅಕ್ಕ ಹೊಲೀತಾಳೆ."

"ಅದನ್ನ ಹೊಲಿಯೋದು ಬೇಡ ಆಂಟಿ."

ಸಂಪಾದಕಿ ತನ್ನ ಮಕ್ಕಳನ್ನು ಸಮಾಧಾನಪಡಿಸುವ ದನಿಯಲ್ಲೇ, ಹುಡುಗಿಯ ಮುಂಗುರುಳನ್ನು ಹಿಂದಕ್ಕೆ ಸರಿಸುತ್ತ ಹೇಳಿದಳು. "ಓದಿದವರಿಗೆಲ್ಲ ಇಷ್ಟ ಆಗೋ ಹಾಗೆ ಕೊನೆ ಬದಲಾಯಿಸೋಕೆ ಆಗಲ್ಲಮ್ಮ. ಕಥೆ ಬರೆದವರದ್ದು. ಅವರು ಹೇಗೆ ಮುಗಿಸ್ತಾರೋ ಹಾಗೇ ಬಿಡಬೇಕು."

ಹುಡುಗಿ ಒಮ್ಮೆ ಕಿಟಕಿಯ ಕಡೆ ತಿರುಗಿ ನೋಡಿದಳು. ಆಮೇಲೆ ದನಿ ತಗ್ಗಿಸಿದಳು.

"ಆ ಹದಿನಾರು ಪುಟ ಮಾತ್ರ ಅಪ್ಪ ಬರೆದದ್ದು, ಆಂಟಿ."