ಕಣ್ಣಿನೊಳಗೆ ಉಳಿದ ಸಿದರಾಯ

ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ಕಣ್ಣಿನ ಹಿಂದಿನ ಪರದೆ ತೋರಿಸಿಕೊಳ್ಳುವುದು ನೀಲವ್ವನ ರೂಢಿ. ಎಚ್‌ಐವಿ ಗುಳಿಗೆಯನ್ನು ಅವಳು ಎಂದೂ ತಪ್ಪಿಸಿರಲಿಲ್ಲ. ಪರೀಕ್ಷೆಯ ಯಂತ್ರ ಹಚ್ಚಿದಾಗ, ಎಲ್ಲರಿಗೂ ಆಗುವಂತೆ, ಅವಳ ಕಣ್ಣು ಪ್ರೀತಿಯಿಂದ ನೋಡಿ ಉಳಿಸಿಕೊಂಡ ಮುಖಗಳು ಗೋಡೆಯ ಮೇಲೆ ಮೂಡುತ್ತಿದ್ದವು. ಅವಳು ಬರುತ್ತಿದ್ದುದೇ ಗಂಡ ಸಿದರಾಯನನ್ನು ನೋಡಲು. ಗುಳಿಗೆ ಸಿಗದ ಕಾಲದಲ್ಲಿ ಅವನು ತೀರಿಕೊಂಡಾಗ, ಮನೆಯವರು ರೋಗಕ್ಕೆ ಹೆದರಿ ಅವನ ಬಟ್ಟೆ, ಫೋಟೊ ಎಲ್ಲ ಸುಟ್ಟಿದ್ದರು.

ಈ ಸಲ ಅವನ ಮುಖ ಮಸುಕಾಗಿತ್ತು.

"ವೈರಸ್ಸು ಹಿಡಿತದಾಗ ಐತಿ. ಆದ್ರೂ ಪರದೆ ತೆಳ್ಳಗಾಗಾಕತ್ತೈತ್ರಿ," ಎಂದರು ಡಾಕ್ಟರ್ ಫರ್ಹಾನಾ. "ಹೊಸ ಪದರ ಬೆಳಸದಿದ್ರ ದೃಷ್ಟಿ ಹೋಗತೈತಿ. ಬೆಳಸಿದ್ರ ಹಳೇ ಮುಖ ಉಳಿಯೂದಿಲ್ಲ."

ನೀಲವ್ವ ಗೋಡೆಯ ಮೇಲಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು: "ನಾಳೆ ಮಾಡ್ರಿ ಮೇಡಂ. ಇವತ್ತ ನನ್ನ ಮಗಳು ಒಮ್ಮೆ ನೋಡ್ಲಿ."

ಅಪ್ಪ ಸತ್ತಾಗ ಮಗಳು ರೇಣುಕಿ ಇನ್ನೂ ಹೊಟ್ಟೆಯಲ್ಲಿದ್ದಳು. "ನಿನಗ ಬ್ಯಾನಿ ಕೊಟ್ಟಾವನ ಮಾರಿ ನಾ ಯಾಕ ನೋಡ್ಲಿ?" ಎಂದು ಪ್ರತಿ ವರ್ಷವೂ ಹೊರಗಿನ ಬೆಂಚಿನ ಮೇಲೇ ಕೂರುತ್ತಿದ್ದಳು. ಇಂದು ತಾಯಿ ಕೈ ಹಿಡಿದು ಕರೆದಾಗ ಇಲ್ಲವೆನ್ನಲಾಗದೆ ಒಳಗೆ ಬಂದಳು.

ಗೋಡೆಯ ಮೇಲೆ ತೆಳ್ಳನೆಯ ಹುಡುಗನೊಬ್ಬ ಬಗ್ಗಿ ಕುಳಿತು, ತಲೆಯೆತ್ತಿ ನಗುತ್ತಿದ್ದ.

"ಯಾಕ ಹಿಂಗ ಬಗ್ಗಿ ಕುಂತಾನ?"

"ನನ್ನ ಹೊಟ್ಟಿಗೆ ಕಿವಿ ಹಚ್ಚಿದ್ದ. ನೀ ಒದ್ದಿ, ಅದಕ್ಕ ನಕ್ಕ."

ಫರ್ಹಾನಾ ಯಂತ್ರ ನಿಲ್ಲಿಸಲು ಕೈ ಚಾಚಿದರು.

"ಇನ್ನೊಂದೀಟು ತಡೀರಿ," ಎಂದಳು ರೇಣುಕಿ.